ಶಾಲಾ ಅನುದಾನ ಮತ್ತು ಮಕ್ಕಳ ಮನಸ್ಸು: ಬೋಧನಾಭ್ಯಾಸಕ್ಕೊಂದು ಲೆಕ್ಕದ ಪಾಠ

ಉದ್ದೇಶ: ಸರ್ಕಾರಿ ಶಾಲೆಗೆ ಬರುವ ಅನುದಾನದಲ್ಲಿ ಮಕ್ಕಳ ಸುರಕ್ಷತೆಗೂ ಮಾನಸಿಕ ಆರೋಗ್ಯಕ್ಕೂ ಎಷ್ಟು ಎಡೆಯಿದೆ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ತಾವೇ ಲೆಕ್ಕ ಹಾಕಿ ಕಂಡುಕೊಳ್ಳುವುದು, ಸಾಲದ್ದನ್ನು ಕೇಳುವ ದಾರಿಯನ್ನು ತಿಳಿಯುವುದು.

ಹಿನ್ನೆಲೆ

ಯಲಹಂಕ ತಾಲ್ಲೂಕಿನ ಚಿಕ್ಕಜಾಲ, ವಿಮಾನ ನಿಲ್ದಾಣಕ್ಕೆ ಹೋಗುವ ಬಳ್ಳಾರಿ ರಸ್ತೆಯ ಮೇಲಿದೆ. ಇಂತಹ ಊರಿನಲ್ಲಿ ಶಾಲಾ ಸುರಕ್ಷತೆ ಎಂದೊಡನೆ ಹೆದ್ದಾರಿ, ಕಾಂಪೌಂಡ್, ಗೇಟು, ಶೌಚಾಲಯ ನೆನಪಾಗುತ್ತವೆ. ಇವು ಕಣ್ಣಿಗೆ ಕಾಣುವ ಅಗತ್ಯಗಳು. ದುಡಿಮೆಗಾಗಿ ಊರು ಬಿಟ್ಟು ಬಂದ ಮನೆಯ ಮಗು ಭಾಷೆ ತಿಳಿಯದೆ ಮೂಲೆಯಲ್ಲಿ ಮುದುಡಿ ಕುಳಿತರೆ ಅದು ಸುಲಭಕ್ಕೆ ಕಾಣದ ಅಗತ್ಯ. ಕೇಂದ್ರ ಶಿಕ್ಷಣ ಸಚಿವಾಲಯದ 2021ರ ಶಾಲಾ ಸುರಕ್ಷತಾ ಮಾರ್ಗಸೂಚಿ ಈ ಎರಡನ್ನೂ ಸುರಕ್ಷತೆಯೆಂದೇ ಎಣಿಸುತ್ತದೆ.

ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಸುಕ್‌ದೇಬ್ ಸಾಹಾ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಆಪ್ತ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರಲ್ಲಿ ಒಬ್ಬರಾದರೂ ಇರಬೇಕು. ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು.

ಲೆಕ್ಕ

120 ಮಕ್ಕಳಿರುವ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಸಂಯುಕ್ತ ಅನುದಾನ. ಇದರಲ್ಲಿ ಕನಿಷ್ಠ ಶೇ. 10, ಅಂದರೆ 5,000 ರೂ., ಸ್ವಚ್ಛತೆಗೆ ಮೀಸಲು. ಉಳಿದ 45,000 ರೂ. ಪೂರ್ತಿಯಾಗಿ ಆಪ್ತ ಸಮಾಲೋಚಕರಿಗೆ ಕೊಟ್ಟರೂ ತಿಂಗಳಿಗೆ 3,750 ರೂ. ಮಾತ್ರ. ಆಗ ವಿದ್ಯುತ್ ಬಿಲ್, ಕುಡಿಯುವ ನೀರು, ಕಲಿಕೋಪಕರಣ, ಸಣ್ಣಪುಟ್ಟ ದುರಸ್ತಿಗೆ ಕಾಸೂ ಉಳಿಯದು.

ಈ ಅನುದಾನ ವಸ್ತುಗಳಿಗಾಗಿ ರೂಪಿಸಿದ್ದು. ಮಗುವಿನ ಮಾತು ಕೇಳಲು ಬೇಕಾದದ್ದು ಮನುಷ್ಯರ ಸಮಯ. ಆ ಸಮಯಕ್ಕೆ ಹಣ ಇಲ್ಲದಿದ್ದರೆ ಹೊರೆ ಸದ್ದಿಲ್ಲದೆ ತರಗತಿ ಶಿಕ್ಷಕರ ಹೆಗಲೇರುತ್ತದೆ. ಶಿಕ್ಷಕರು ಗಮನಿಸಬಹುದು, ಕೇಳಿಸಿಕೊಳ್ಳಬಹುದು, ತಜ್ಞರಿಗೆ ದಾಟಿಸಬಹುದು. ಚಿಕಿತ್ಸೆ ಅವರ ಕೆಲಸವಲ್ಲ.

ಕೇಳುವ ದಾರಿ

ಶಿಕ್ಷಣ ಹಕ್ಕು ಕಾಯ್ದೆ 2009ರ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರ. ನಮ್ಮ ರಾಜ್ಯದಲ್ಲಿ ಇದನ್ನು ಸಿದ್ಧಪಡಿಸುವುದು ಎಸ್‌ಡಿಎಂಸಿ. ಯೋಜನೆಯಲ್ಲಿ ಬರೆಯದ ಅಗತ್ಯಕ್ಕೆ ಹಣ ಕೇಳಲು ಆಧಾರವೇ ಇರುವುದಿಲ್ಲ. ಆದ್ದರಿಂದ ಬರೆಯುವ ರೀತಿ ಮುಖ್ಯ.

ದುರ್ಬಲ ಬರಹ: "ಮಕ್ಕಳಿಗೆ ಸಮಾಲೋಚನೆ ಅಗತ್ಯ."

ಸಮರ್ಥ ಬರಹ: "ದಾಖಲಾತಿ 120. ಆಪ್ತ ಸಮಾಲೋಚಕರಿಲ್ಲ. ನೆರೆಯ ಶಾಲೆಗಳೊಂದಿಗೆ ಹಂಚಿಕೊಂಡು ವಾರಕ್ಕೊಂದು ದಿನ ಒಬ್ಬರನ್ನು ಒದಗಿಸಬೇಕು. ಇದು ಸಂಯುಕ್ತ ಅನುದಾನದಲ್ಲಿ ಸಾಧ್ಯವಿಲ್ಲ, ಲೆಕ್ಕ ಲಗತ್ತಿಸಿದೆ." ವಾರಕ್ಕೊಂದು ದಿನವೆಂಬುದು ಮೊದಲ ಹೆಜ್ಜೆ ಮಾತ್ರ ಎಂಬುದನ್ನೂ ಅಲ್ಲೇ ನಮೂದಿಸಬೇಕು.

ಚಟುವಟಿಕೆ

ಪ್ರಶಿಕ್ಷಣಾರ್ಥಿಗಳು ಮುಖ್ಯ ಶಿಕ್ಷಕರ ಅನುಮತಿ ಪಡೆದು ಶಾಲೆಯ ಅಗತ್ಯಗಳನ್ನು ಮೂರು ಕಲಂಗಳಲ್ಲಿ ಪಟ್ಟಿ ಮಾಡಲಿ.

1. ಹಣವಿಲ್ಲದೆ ಇಂದೇ ಆಗುವುದು: ಟೆಲಿ-ಮಾನಸ್ 14416 ಮತ್ತು ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ದೊಡ್ಡಕ್ಷರದಲ್ಲಿ ಬರೆಯುವುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಹಗಲಿರುಳೂ ಉಚಿತ. ಅದರ ರಾಷ್ಟ್ರೀಯ ಉನ್ನತ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.
2. ಅನುದಾನದಲ್ಲಿ ಆಗುವುದು: ಬಾಗಿಲ ಚಿಲಕ, ದೀಪ, ಶೌಚಾಲಯದ ದುರಸ್ತಿ.
3. ಸರ್ಕಾರವೇ ಕೊಡಬೇಕಾದದ್ದು: ಆಪ್ತ ಸಮಾಲೋಚಕರು, ಶಿಕ್ಷಕರ ತರಬೇತಿ.

ಎಚ್ಚರಿಕೆ

ಯೋಜನೆಯಲ್ಲಾಗಲಿ ಪಾಠ ವೀಕ್ಷಣಾ ಪುಸ್ತಕದಲ್ಲಾಗಲಿ ಯಾವ ಮಗುವಿನ ಹೆಸರೂ, ಗುರುತು ಸಿಗುವಂತಹ ವಿವರವೂ ಬೇಡ. ಲೈಂಗಿಕ ದೌರ್ಜನ್ಯದ ವಿಷಯ ಮಗುವಿನಿಂದ ತಿಳಿದರೆ ಪೋಕ್ಸೋ ಕಾಯ್ದೆ 2012ರ 19ನೇ ಸೆಕ್ಷನ್‌ನಂತೆ ಪೊಲೀಸರಿಗೆ ತಿಳಿಸಲೇಬೇಕು. ಅದನ್ನು ಸಭೆಯ ಚರ್ಚೆಗಾಗಿ ತಡೆದಿಡುವಂತಿಲ್ಲ.

ಮೌಲ್ಯಮಾಪನ

1. 260 ಮಕ್ಕಳಿರುವ ಶಾಲೆಗೆ ಮಾನದಂಡದಂತೆ 75,000 ರೂ. ಬರುತ್ತದೆ. ತಲಾ ಮೊತ್ತವನ್ನು 120 ಮಕ್ಕಳ ಶಾಲೆಯೊಂದಿಗೆ ಹೋಲಿಸಿ. ಮಕ್ಕಳು ಹೆಚ್ಚಿದಂತೆ ತಲಾ ಪಾಲು ಏನಾಗುತ್ತದೆ?
2. ನಿಮ್ಮ ಮೂರನೇ ಕಲಂನಿಂದ ಒಂದು ಅಗತ್ಯವನ್ನು ಆರಿಸಿ, ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರೊಬ್ಬರು ಓದಿ ಹೇಳಬಹುದಾದ ಸರಳ ಕನ್ನಡದಲ್ಲಿ ನಾಲ್ಕು ವಾಕ್ಯ ಬರೆಯಿರಿ.