ದೇವಸಮುದ್ರದಲ್ಲೇ ಕುಳಿತು ಪತ್ತೇದಾರಿ ಕಾದಂಬರಿ ಬರೆಯಿರಿ

ಪತ್ತೇದಾರ ಪುರುಷೋತ್ತಮನನ್ನು ಕನ್ನಡಿಗರ ಮನೆಮಾತಾಗಿಸಿದ ಎನ್. ನರಸಿಂಹಯ್ಯ ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿವರೆಗೆ. ಬರೆದದ್ದು 500ರಷ್ಟು ಕಾದಂಬರಿ. ಪದವಿಯಿಲ್ಲ, ಬೆಂಗಳೂರಿನಲ್ಲಿ ಪರಿಚಯದವರಿಲ್ಲ ಎಂದು ದೇವಸಮುದ್ರ ಹೋಬಳಿಯ ಯುವಕ ಯುವತಿಯರು ಹಿಂಜರಿಯಬೇಕಿಲ್ಲ.

ಮೊದಲು ಕೊನೆ

ಯಾರು ಮಾಡಿದರು, ಏಕೆ ಮಾಡಿದರು, ಹೇಗೆ ಸಿಕ್ಕಿಬಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಮೊದಲ ಅಧ್ಯಾಯಕ್ಕೆ ಕೈಹಾಕಿ. ಪತ್ತೇದಾರನಿಗೆ ಸಿಕ್ಕ ಸುಳಿವೆಲ್ಲ ಓದುಗರ ಕಣ್ಣಿಗೂ ಬಿದ್ದಿರಬೇಕು. ಕೊನೆಯ ಪುಟದಲ್ಲಿ ಎಲ್ಲಿಂದಲೋ ಅವಳಿ ತಮ್ಮನನ್ನು ಕರೆತಂದರೆ ನಿಮ್ಮ ಎರಡನೇ ಪುಸ್ತಕವನ್ನು ಯಾರೂ ಮುಟ್ಟುವುದಿಲ್ಲ.

ಊರು, ಠಾಣೆ, ಕಾನೂನು

ಲಂಡನ್ನಿನ ಮಂಜು ನಮಗೇಕೆ? ಮೊಳಕಾಲ್ಮುರಿನ ರೇಷ್ಮೆ ಮಗ್ಗಗಳಿವೆ, ಶೇಂಗಾ ವ್ಯಾಪಾರವಿದೆ, ಅಶೋಕನ ಶಾಸನವಿರುವ ಬ್ರಹ್ಮಗಿರಿಯ ಬಂಡೆಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ ಪಕ್ಕದಲ್ಲೇ ಆಂಧ್ರದ ಗಡಿಯಿದೆ. ಕೊಲೆ ಈಚೆ ನಡೆದು ಶವ ಆಚೆ ಸಿಕ್ಕರೆ ತನಿಖೆ ಯಾರದು? ಯಾವ ಠಾಣೆಗೆ ಹೋದರೂ ದೂರು ದಾಖಲಿಸಿಕೊಳ್ಳಬೇಕು. ಅದು ಝೀರೊ ಎಫ್‌ಐಆರ್ ಆಗಿ ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಇಷ್ಟರಲ್ಲೇ ಒಂದು ಕಥೆಯ ಬೀಜವಿದೆ.

ಅಪರಾಧ ನಡೆದ ದಿನಾಂಕದ ಮೇಲೆ ನಿಗಾ ಇರಲಿ. 2024ರ ಜುಲೈ 1ಕ್ಕೆ ಮುಂಚಿನ ಕೊಲೆಗೆ ಐಪಿಸಿ 302, ನಂತರದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ. ಮಹಜರು ಹೇಗೆ ನಡೆಯುತ್ತದೆ, ಪಂಚರು ಎಲ್ಲಿ ಸಹಿ ಹಾಕುತ್ತಾರೆ ಎಂಬುದನ್ನು ಪರಿಚಯದ ವಕೀಲರನ್ನೋ ನಿವೃತ್ತ ಪೊಲೀಸರನ್ನೋ ಕೇಳಿ ತಿಳಿಯಿರಿ. ಊರಿನಲ್ಲಿ ನಿಜವಾಗಿ ನಡೆದ ಪ್ರಕರಣವನ್ನು ಮಾತ್ರ ಹೆಸರು ಬದಲಿಸಿ ಬರೆಯಬೇಡಿ. ನೊಂದ ಮನೆಯವರು ಆಚೆ ಬೀದಿಯಲ್ಲೇ ಇರುತ್ತಾರೆ.

ಅಚ್ಚಿಗೆ ಮುನ್ನ

ಹಸ್ತಪ್ರತಿಯನ್ನು ಮುದ್ರಣಕ್ಕೆ ಕೊಡುವ ಮೊದಲೇ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆ ಗಮನಿಸಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಅದು ಪ್ರೋತ್ಸಾಹಧನ ಕೊಡುತ್ತದೆ. ಪ್ರಕಾಶಕರು ಸಿಕ್ಕರೆ ಬಾಯಿಮಾತು ಬೇಡ, ಲಿಖಿತ ಒಪ್ಪಂದ ಇರಲಿ. ಅವಧಿ ನಮೂದಿಸದೆ ಹಕ್ಕು ಬರೆದುಕೊಟ್ಟರೆ ಕಾನೂನಿನ ಪ್ರಕಾರ ಅದು ಐದು ವರ್ಷಕ್ಕೆ ಎಂದೇ ಲೆಕ್ಕ. ನೀವೇ ಅಚ್ಚು ಹಾಕಿಸುವುದಾದರೆ ಐಎಸ್‌ಬಿಎನ್ ಸಂಖ್ಯೆ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. 16 ಪುಟಕ್ಕೆ ಒಂದು ಫಾರಂ ಆದ್ದರಿಂದ ಪುಸ್ತಕವನ್ನು 128 ಅಥವಾ 144 ಪುಟಕ್ಕೆ ಹೊಂದಿಸಿ. ಕರಡನ್ನು ಬರೆದವರಲ್ಲದೆ ಬೇರೊಬ್ಬರು ತಿದ್ದಲಿ.

ಓದುಗರ ಬಳಿಗೆ

ದೊಡ್ಡ ಸಭಾಂಗಣದ ಬಿಡುಗಡೆ ಸಮಾರಂಭಕ್ಕೆ ಸುರಿಯುವ ಹಣ ನನ್ನ ಪ್ರಕಾರ ದಂಡ. ಮೊದಲ ಅಧ್ಯಾಯವನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯಬಿಡಿ. ಚಳ್ಳಕೆರೆಯ ಕಾಲೇಜುಗಳಲ್ಲಿ, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಹತ್ತು ನಿಮಿಷ ಓದಿ, ಕೊಲೆಗಾರನ ಹೆಸರು ಹೇಳದೆ ನಿಲ್ಲಿಸಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಪುಸ್ತಕದ ಮೇಜು ಹಾಕಲು ಜಾಗ ಕೇಳಿ. ಗ್ರಂಥಾಲಯ ಇಲಾಖೆ ಪುಸ್ತಕ ಖರೀದಿಗೆ ಅರ್ಜಿ ಕರೆದಾಗ ತಪ್ಪದೆ ಹಾಕಿ. ಅಂಗಡಿಯವರ ಕಮಿಷನ್ ಕಳೆದು ಅಚ್ಚಿನ ಖರ್ಚು ಹುಟ್ಟುವಂತೆ ಬೆಲೆ ಇಡಿ.

ನೆಂಟರಿಗೂ ಗೆಳೆಯರಿಗೂ ಪುಕ್ಕಟೆ ಹಂಚಬೇಡಿ. ಊರಿನವರಲ್ಲೂ ಒಂದು ಬೇಡಿಕೆ: ನಿಮ್ಮ ಹೋಬಳಿಯ ಹುಡುಗಿಯೊಬ್ಬಳು ಪುಸ್ತಕ ಬರೆದರೆ ದುಡ್ಡು ಕೊಟ್ಟು ಕೊಳ್ಳಿ.