ಗಂಜಿಗೆ ಎಂತ ನಂಚಿಕೊಳ್ತೀರಿ?

ನಮ್ಮೂರು ಅಲೆವೂರಿನಿಂದ ಮಣಿಪಾಲ ಹತ್ತಿರ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದ ಮೇಲೆ ದೊಡ್ಡ ಡಾಕ್ಟರೆಂದರೆ ನಮಗೆ ಬಸ್ಸು ಹತ್ತಿದರೆ ಸಿಗುವವರು. ಆದರೆ ಅಮ್ಮನ ಬಿಪಿ, ಶುಗರು ಹದಕ್ಕೆ ಬಂದದ್ದರಲ್ಲಿ ಡಾಕ್ಟರರ ಜೊತೆಗೆ ನಿಂತು ಕೆಲಸ ಮಾಡುವವರ ಪಾಲೂ ದೊಡ್ಡದು: ಹೃದಯ ವಾರ್ಡಿನ ಫಿಸಿಶಿಯನ್ ಅಸಿಸ್ಟೆಂಟ್, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಮನೆಗೆ ಬರುವ ಆಶಾ ಅಕ್ಕ.

ಫಿಸಿಶಿಯನ್ ಅಸಿಸ್ಟೆಂಟ್ ಡಾಕ್ಟರರ ಉಸ್ತುವಾರಿಯಲ್ಲಿ ರೋಗಿಯ ಪೂರ್ವಾಪರ ಕೇಳಿ ಬರೆದುಕೊಳ್ಳುತ್ತಾರೆ, ತಪಾಸಣೆಗೆ ನೆರವಾಗುತ್ತಾರೆ, ಮನೆಗೆ ಹೊರಡುವಾಗ ಮದ್ದು, ಪಥ್ಯ ವಿವರಿಸುತ್ತಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಶುರುವಾದ ಈ ಓದು 1992ರಲ್ಲಿ ಚೆನ್ನೈಯ ಮದ್ರಾಸ್ ಮೆಡಿಕಲ್ ಮಿಷನ್ ಮೂಲಕ ನಮ್ಮ ದೇಶಕ್ಕೆ ಬಂತು.

ಹೃದಯ ವಾರ್ಡಿನಲ್ಲಿ ನಮ್ಮನ್ನು ಕೂರಿಸಿಕೊಂಡ ಫಿಸಿಶಿಯನ್ ಅಸಿಸ್ಟೆಂಟ್ ಹುಡುಗಿ "ಉಪ್ಪು ಕಡಿಮೆ ಮಾಡಿ" ಎಂದು ಹೇಳಿ ಎದ್ದು ಹೋಗಲಿಲ್ಲ. "ಗಂಜಿಗೆ ಎಂತ ನಂಚಿಕೊಳ್ತೀರಿ ಅಮ್ಮಾ?" ಎಂದು ಕೇಳಿದಳು. ಅಮ್ಮ ಪಟ್ಟಿಯನ್ನೇ ಕೊಟ್ಟರು: ಮಿಡಿ ಉಪ್ಪಿನಕಾಯಿ, ಹಪ್ಪಳ, ಮಳೆಗಾಲಕ್ಕೆ ಸುಟ್ಟ ಒಣಮೀನು, ಉಪ್ಪಲ್ಲಿಟ್ಟ ಹಲಸಿನ ಸೊಳೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಮಿಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಬಹುಪಾಲು ನಮ್ಮಲ್ಲಿ ಬಟ್ಟಲಿನ ಬದಿಯಲ್ಲೇ ಮುಗಿಯುತ್ತಿತ್ತು. ಈಗ ಉಪ್ಪಿನ ವ್ಯಂಜನ ಅಪರೂಪಕ್ಕೆ ಒಂದು, ಅದೂ ಚೂರು. ಉಳಿದ ದಿನ ಹುರುಳಿ ಚಟ್ನಿ, ಪಲ್ಯ. ಕುಚ್ಚಲಕ್ಕಿ ಎಷ್ಟು ಉಂಡರೂ ಶುಗರು ಏರದೆಂಬ ನಮ್ಮೂರ ನಂಬಿಕೆಯನ್ನೂ ಅವಳು ಬಿಡಿಸಿದಳು. ಅರ್ಧ ಬಟ್ಟಲು ತರಕಾರಿ, ಆಮೇಲೆ ಅನ್ನ. ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ನುಂಗುವವರು ಡಾಕ್ಟರರನ್ನು ಕೇಳದೆ ಅದನ್ನು ತರಬಾರದು.

ಬಿಪಿ ನೋಡುವುದಕ್ಕೂ ಕ್ರಮವಿದೆ ಎಂದು ಗೊತ್ತಾದದ್ದು ಉಪಕೇಂದ್ರದಲ್ಲಿ. ಗುಡ್ಡೆ ಹತ್ತಿ ಏದುಸಿರು ಬಿಡುತ್ತ ಬಂದವರಿಗೆ ನಾವು ಸಿಸ್ಟರ್ ಎನ್ನುವ ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿ ಕೂಡಲೇ ಪಟ್ಟಿ ಕಟ್ಟುವುದಿಲ್ಲ. ಐದು ನಿಮಿಷ ಬೆನ್ನು ಆನಿಸಿ ಕೂರಬೇಕು, ಪಾದ ನೆಲಕ್ಕೆ ತಾಗಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಮಾತಾಡಬಾರದು. ಅರ್ಧ ಗಂಟೆ ಮೊದಲು ಚಾ, ಕಾಪಿ ಕುಡಿದಿರಬಾರದು. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡುತ್ತಾರೆ. ಬಿಪಿ ಸರಿ ಬಂತೆಂದು ಮಾತ್ರೆ ಬಿಡುವವರಿಗೆ ಅವರ ಉತ್ತರ ಒಂದೇ: "ಮಾತ್ರೆ ನುಂಗಿದ್ದಕ್ಕೇ ಸರಿ ಬಂದದ್ದು ಮಾರಾಯ್ರೆ!"

ಆಶಾ ಅಕ್ಕನ ಕಣ್ಣು ಮೊದಲು ಹೋಗುವುದು ಅಮ್ಮನ ಪಾದಕ್ಕೆ. ಶುಗರು ಹಳೆಯದಾದರೆ ಪಾದದ ಸ್ಪರ್ಶ ಮಂದವಾಗುತ್ತದೆ. ಮುಳ್ಳು ಚುಚ್ಚಿದರೂ ತಿಳಿಯದು. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಬೇಕು, ಅಂಗಳಕ್ಕೂ ಚಪ್ಪಲಿ ಬೇಕು. ಮಳೆಗಾಲದಲ್ಲಿ ಗದ್ದೆಗಿಳಿಯುವವರಿಗೆ ಇಲಿಜ್ವರದ ಎಚ್ಚರಿಕೆ: ಇಲಿಯ ಮೂತ್ರ ಸೇರಿದ ಕೆಸರುನೀರಿನಿಂದ ರೋಗಾಣು ಗಾಯದ ಮೂಲಕ ಒಳಸೇರುತ್ತದೆ. ಗಾಯ ಮುಚ್ಚಿ, ಗಮ್‌ಬೂಟು ಹಾಕಿ; ಜ್ವರ, ಮೀನಖಂಡದ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಗದ್ದೆಗಿಳಿದದ್ದನ್ನೂ ಹೇಳಿ. ಜ್ವರಕ್ಕೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದೂ ಬೇಡ. ಡೆಂಗಿಯಾಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವಕ್ಕೆ ದಾರಿ. ಸೊಳ್ಳೆ ಹುಟ್ಟದಂತೆ ತೋಟದ ಅಡಿಕೆ ಹಾಳೆ, ತೆಂಗಿನ ಗೆರಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಲೇಬೇಕು.

ಈ ಮೂವರ ಮಾತು ನಮಗೆ ನಾಟಿದ್ದು ಅದು ನಮ್ಮ ಮನೆಯ ಅಡುಗೆ, ಅಂಗಳ, ಗದ್ದೆ ಕೇಳಿ ತಿಳಿದುಕೊಂಡು ಹೇಳಿದ ಮಾತಾದ್ದರಿಂದ. ಹಾಗೆಂದು ಎಲ್ಲಕ್ಕೂ ಇವರನ್ನೇ ಕಾಯಬಾರದು ಎಂಬುದನ್ನೂ ಅವರೇ ಕಲಿಸಿದರು. ಎದೆ ಹಿಂಡಿದಂತಾದರೆ, ಬಾಯಿ ಸೊಟ್ಟಗಾದರೆ, ಒಂದು ಬದಿಯ ಕೈಕಾಲು ಸೋತರೆ ಯಾರನ್ನೂ ಕೇಳದೆ 108ಕ್ಕೆ ಕರೆ ಮಾಡಿ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಅಷ್ಟೂ ಮದ್ದನ್ನು, ನಾಟಿ ಮದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಒಯ್ಯಿರಿ; ಒಂದೇ ಮದ್ದು ಎರಡು ಹೆಸರಲ್ಲಿ ಇರುವುದುಂಟು. ಅಲ್ಲಿಯವರು ಏನು ಉಣ್ಣುತ್ತೀರಿ ಎಂದು ಕೇಳಿದರೆ ನಾಚಿಕೆ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿ.