ಸಂಪು ಕಟ್ಟುವ ಮುನ್ನ

ಪುಟ್ಟಿ,

ಸರ್ಕಾರಿ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಹಾಕಿದ್ದಾರೆ ಎಂದು ಫೋನಿನಲ್ಲಿ ಹೇಳುವಾಗ ನಿನ್ನ ದನಿ ಇಳಿದಿತ್ತು. ಬೇಸರ ಮಾಡಿಕೊಳ್ಳಬೇಡ. ಇದೇ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ನಿನ್ನ ದೊಡ್ಡಮ್ಮ ಹೇಳುತ್ತಿದ್ದೇನೆ, ಇಷ್ಟು ಜನರಿಗೆ ಮುಟ್ಟುವ ಕೆಲಸ ಬೇರೆಲ್ಲೂ ಸಿಗುವುದಿಲ್ಲ.

ಹೋದ ವಾರ ಇಲ್ಲೇ ಕುಮಾರಸ್ವಾಮಿ ಲೇಔಟಿನಲ್ಲಿ ಒಂದು ಅರ್ಜಿ ಹಾಕಲು ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಹೆಂಗಸು ಆಧಾರ್, ರೇಷನ್ ಕಾರ್ಡಿನ ಜೆರಾಕ್ಸುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು. ಕೌಂಟರಿನ ಹುಡುಗ ರಿಫ್ರೆಶ್ ಒತ್ತಿ ಒತ್ತಿ ಸಾಕಾಗಿ, "ಸರ್ವರ್ ಬ್ಯುಸಿ ಅಮ್ಮಾ, ಮಧ್ಯಾಹ್ನ ಬನ್ನಿ" ಅಂದ. ಎರಡು ಮನೆಯ ಕೆಲಸ ಬಿಟ್ಟು ಬಂದವಳು ಅವಳು. ಬಗ್ಗಿ ನೋಡಿದೆ. ಪರದೆಯ ಮೇಲೆ ತೆರೆಯದೆ ನಿಂತಿದ್ದದ್ದು ತಾಲ್ಲೂಕುಗಳ ಹೆಸರಿನ ಪಟ್ಟಿ! ವರ್ಷಗಟ್ಟಲೆ ಬದಲಾಗದ ಪಟ್ಟಿ. ಒಂದು ಕ್ಯಾಷ್ ಇದ್ದಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತು.

ಕ್ಯಾಷ್ ಅಂದರೆ ನಮ್ಮ ಮನೆಯ ಸಂಪಿನ ಹಾಗೆ, ಪದೇ ಪದೇ ಬೇಕಾಗುವುದನ್ನು ಹತ್ತಿರದಲ್ಲೇ ತುಂಬಿಡುವ ಜಾಗ. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ ನಮ್ಮ ಕಡೆಗೆ ಬರುತ್ತದೆ. ಒಂದು ಬಿಂದಿಗೆಗಾಗಿ ಯಾರೂ ತೊರೆಕಾಡನಹಳ್ಳಿಗೆ ಹೋಗುವುದಿಲ್ಲ. ಆದರೆ ಸಂಪು ತೋಡುವ ಮೊದಲು ನಮ್ಮ ಬೀದಿಗೆ ಪೈಪ್ ಬಂದಿದೆಯೇ ಎಂದು ನೋಡಬೇಕಲ್ಲವೇ? ನೀವು ಹುಡುಗರು ಎಡವುವುದು ಇಲ್ಲೇ. ಮಾರುಕಟ್ಟೆಯ ಕ್ಲೌಡಿನಲ್ಲಿ ಗುಂಡಿ ಒತ್ತಿದರೆ ಸಿಗುವ ಕ್ಯಾಷ್ ಸೇವೆ ಸರ್ಕಾರದ ಕ್ಲೌಡಿನಲ್ಲೂ ಇದ್ದೇ ಇರುತ್ತದೆ ಎಂದುಕೊಂಡು ನಕ್ಷೆ ಬರೆದುಬಿಡುತ್ತೀರಿ.

ಹಾಗಿರುವುದಿಲ್ಲ. ಮೇಘರಾಜ್ ಹೆಸರಿನಲ್ಲಿ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ರಾಷ್ಟ್ರೀಯ ಕ್ಲೌಡ್ ಶುರುವಾದದ್ದು 2014ರಲ್ಲಿ. ಖಾಸಗಿ ಕಂಪನಿಗಳ ಕ್ಲೌಡನ್ನು ಇಲಾಖೆಗಳು ಬಳಸಬೇಕಾದರೆ ಸರ್ಕಾರದ ಗುಣಮಟ್ಟ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯುಸಿ ಆಡಿಟ್ ಆಗಬೇಕು, ಕೇಂದ್ರದ ಐಟಿ ಸಚಿವಾಲಯದ ಪಟ್ಟಿಗೆ ಸೇರಬೇಕು, ಮಾಹಿತಿ ದೇಶದೊಳಗೇ ಇರಬೇಕು. ಪಟ್ಟಿಯಲ್ಲಿ ಕಂಪನಿಯ ಹೆಸರು ಇದ್ದ ಮಾತ್ರಕ್ಕೆ ಅದರ ಎಲ್ಲ ಸೇವೆಗಳಿಗೂ ಒಪ್ಪಿಗೆ ಸಿಕ್ಕಿತು ಎಂದಲ್ಲ. ಅಮೆರಿಕದಲ್ಲೂ ಇದೇ ಕಥೆ. ಅಮೆಜಾನ್ 2011ರಲ್ಲಿ ಅಲ್ಲಿನ ಸರ್ಕಾರಕ್ಕೆಂದು ಗವ್‌ಕ್ಲೌಡ್ ತೆರೆದಾಗ ಕೆಲವೇ ಸೇವೆಗಳಿದ್ದವು. ಉಳಿದವು ಪರೀಕ್ಷೆ ದಾಟಿ ಒಂದೊಂದಾಗಿ ಬಂದವು. ಈ ತಡವನ್ನು ಬೈಯಬೇಡ. ಜನರ ಮಾಹಿತಿ ಇಡುವ ಜಾಗವನ್ನು ಸೋಸಿ ನೋಡಲೇಬೇಕು.

ಕ್ಯಾಷ್ ಸೇವೆ ಸಿಗದಿದ್ದರೆ ರೆಡಿಸ್ ಎಂಬ ಕ್ಯಾಷ್ ತಂತ್ರಾಂಶವನ್ನೋ, 2024ರಲ್ಲಿ ಅದರ ಲೈಸೆನ್ಸ್ ಬದಲಾದಾಗ ಕವಲೊಡೆದ ವಾಲ್ಕಿಯನ್ನೋ ನೀವೇ ವರ್ಚುವಲ್ ಮೆಷಿನ್ನಿನಲ್ಲಿ ನಡೆಸಬಹುದು. ಆಗ ಸಂಪು ತೊಳೆಯುವ ಕೆಲಸವೂ ನಿಮ್ಮದೇ. ಪಾಸ್‌ವರ್ಡ್ ಹಾಕುವುದು, ಪ್ಯಾಚ್ ಮಾಡುವುದು, ಒಂದು ಕೈಕೊಟ್ಟರೆ ಇನ್ನೊಂದು ಎದ್ದು ನಿಲ್ಲುವಂತೆ ನೋಡಿಕೊಳ್ಳುವುದು, ಎಲ್ಲಕ್ಕೂ ಯಾರ ಹೊಣೆ ಎಂದು ಮೊದಲೇ ಬರೆದಿಡು. ಕ್ಯಾಷ್ ಪೂರ್ತಿ ಸತ್ತರೂ ಕೌಂಟರ್ ನಿಧಾನವಾಗಿಯಾದರೂ ನಡೆಯಬೇಕು. ಕ್ಯಾಷನ್ನು ನೀನೇ ಒಮ್ಮೆ ಆಫ್ ಮಾಡಿ ನೋಡು.

ಇನ್ನು, ಸಂಪಿನಲ್ಲಿ ಏನಿಡಬೇಕು, ಏನಿಡಬಾರದು? ಭೂಮಿ ಯೋಜನೆಯಲ್ಲಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಜಮೀನಿನ ದಾಖಲೆಗಳು ಕಂಪ್ಯೂಟರಿಗೆ ಬಂದವು. ಹೋಬಳಿ, ಊರಿನ ಹೆಸರುಗಳನ್ನು ಧಾರಾಳವಾಗಿ ಕ್ಯಾಷ್ ಮಾಡು. ಪಹಣಿಯ ಮಾಲೀಕನ ಹೆಸರನ್ನು ಮಾತ್ರ ಪ್ರತಿ ಸಲ ಮೂಲದಿಂದಲೇ ತಾ. ಖಾತೆ ಬದಲಾದ ಮೇಲೂ ಹಳೆಯ ಹೆಸರು ಕಂಡರೆ ಒಬ್ಬ ರೈತನ ಸಾಲ ನಿಲ್ಲುತ್ತದೆ, ಅಣ್ಣತಮ್ಮಂದಿರ ನಡುವೆ ಜಗಳ ಹುಟ್ಟುತ್ತದೆ.

ಹಳೆಯದನ್ನು ತೋರಿಸಲೇಬೇಕಾದರೆ ಹಳೆಯದೆಂದು ಹೇಳು. 2021ರ ಮೇ ತಿಂಗಳಲ್ಲಿ ಇಡೀ ದೇಶ ಕೋವಿನ್‌ನಲ್ಲಿ ಲಸಿಕೆಯ ಸ್ಲಾಟ್ ಹುಡುಕುತ್ತಿತ್ತು. ಹೊರಗಿನ ಆ್ಯಪ್‌ಗಳಿಗೆ ಕೊಡುವ ಸ್ಲಾಟ್ ಮಾಹಿತಿ ಕ್ಯಾಷ್‌ನಿಂದ ಬರುತ್ತದೆ, 30 ನಿಮಿಷದಷ್ಟು ಹಳೆಯದಿರಬಹುದು, ಒಂದು ಐಪಿಯಿಂದ 5 ನಿಮಿಷಕ್ಕೆ 100 ಸಲ ಮಾತ್ರ ಕೇಳಬಹುದು ಎಂದು ಕೋವಿನ್ ನಡೆಸುವವರು ಬಹಿರಂಗವಾಗಿ ಬರೆದರು. ಸ್ಲಾಟ್ ಸಿಗದವರಿಗೆ ಕೋಪ ಬಂದಿರಬಹುದು. ಆದರೂ ಅದು ನೇರವಾದ ಮಾತು. ನಿನ್ನ ಪರದೆಯಲ್ಲೂ "ಇದು ಇಷ್ಟು ಗಂಟೆಯ ಮಾಹಿತಿ" ಎಂಬ ಒಂದು ಸಾಲು ಇರಲಿ, ಕನ್ನಡದಲ್ಲಿ ಇರಲಿ.

ಸೋಮವಾರ ಮೊದಲ ಮೀಟಿಂಗಿನಲ್ಲಿ ಒಂದೇ ಪ್ರಶ್ನೆ ಕೇಳು: ನಮಗೆ ಕೊಟ್ಟಿರುವ ಕ್ಲೌಡಿನಲ್ಲಿ ಇವತ್ತು ಯಾವ ಯಾವ ಸೇವೆ ಸಿಗುತ್ತದೆ? ಉತ್ತರವನ್ನು ಬರಹದಲ್ಲಿ ತೆಗೆದುಕೋ. ಆಮೇಲೆ ನಕ್ಷೆ ಬರೆ. ಬರೆಯುವ ಮೊದಲು ಅರ್ಧ ದಿನ ಬಿಡುವು ಮಾಡಿಕೊಂಡು ಇಲ್ಲಿಗೆ ಬಾ. ಆ ಕೌಂಟರಿನ ಸಾಲಿನಲ್ಲಿ ನನ್ನ ಜೊತೆ ನಿಲ್ಲು.